ದುಡ್ಡು ಕೊಟ್ಟು ತಂದ ಊಟಕ್ಕೆ ಕ್ರೈಸ್ತರು ದೇವರಿಗೇಕೆ ವಂದನೆ ಸಲ್ಲಿಸುತ್ತಾರೆ?

ನಾವು ಕೊಡುವ ದುಡ್ಡು ರೈತನ ದುಡಿಮೆಗೆ, ಲಾರಿ ಬಾಡಿಗೆಗೆ, ಅಂಗಡಿಯವನ ಲಾಭಕ್ಕೆ ಸಲ್ಲುತ್ತದೆ. ಮಳೆ, ಬಿಸಿಲು, ಬೀಜದೊಳಗಿನ ಜೀವ ಇವಕ್ಕೆ ಯಾರೂ ಬೆಲೆ ತೆತ್ತಿಲ್ಲ. ಆ ವಂದನೆ ಅವುಗಳಿಗಾಗಿ.

ಡಿಸೆಂಬರ್‌ನಲ್ಲಿ ಬೆಂಗಳೂರಿನ ತಳ್ಳುಗಾಡಿಗಳ ಮೇಲೆ ಅವರೆಕಾಯಿ ಬಂದಾಗ ಒಂದನ್ನು ಉಜ್ಜಿ ಮೂಸಿ ನೋಡಿ. ಸೊಗಡಿನ ಜಿಡ್ಡು ಬೆರಳಿಗೆ ಅಂಟುತ್ತದೆ. ಇಬ್ಬನಿ ಚೆನ್ನಾಗಿ ಬಿದ್ದರೆ ಸೊಗಡು ಹೆಚ್ಚು ಎನ್ನುತ್ತಾರೆ ಬೆಳೆದವರು. ಕಾಳು ಬಿಡಿಸುತ್ತಾ ಕುಳಿತಾಗಲೆಲ್ಲ ನನಗೆ ಬೈಬಲಿನ 104ನೇ ಕೀರ್ತನೆ ನೆನಪಾಗುತ್ತದೆ. ಅಲ್ಲಿ ದೇವರು ದನಗಳಿಗೆ ಹುಲ್ಲನ್ನೂ ಮನುಷ್ಯರಿಗೆ ಪೈರನ್ನೂ ಬೆಳೆಸುತ್ತಾನೆ. ಸಿಂಹದ ಮರಿಗಳು ಕೂಡ ಆತನನ್ನೇ ಆಹಾರ ಕೇಳುತ್ತವೆ. ಆ ಪಂಕ್ತಿಯಲ್ಲಿ ಮನುಷ್ಯನೊಬ್ಬನೇ ಕುಳಿತಿಲ್ಲ ಎಂಬುದು ನನಗೆ ಬಹಳ ಪ್ರಿಯ.

ಹಕ್ಕಿಗಳು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ಆದರೂ ದೇವರು ಅವನ್ನು ಸಾಕುತ್ತಾನೆ ಎಂದು ಯೇಸು ತೋರಿಸಿದ್ದು (ಮತ್ತಾಯ 6:26) ಚಿಂತೆ ಬಿಡಿ ಎನ್ನಲು. ದುಡಿಯಬೇಡಿ ಎಂದು ಅದನ್ನು ಓದುವುದು ತಪ್ಪು. ಗುಬ್ಬಿಯೂ ದಿನವಿಡೀ ಕಾಳು ಹುಡುಕುತ್ತದೆ.

ನಗರದ ಹಲವು ಚರ್ಚ್‌ಗಳಲ್ಲಿ ಸುಗ್ಗಿ ಹಬ್ಬದಂದು ಜನ ತೆಂಗಿನಕಾಯಿ, ಕುಂಬಳಕಾಯಿ, ಬಾಳೆಗೊನೆ ತಂದು ದೇವರ ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಹರಾಜು. ಕುಂಡದಲ್ಲಿ ಬೆಳೆದ ನಾಲ್ಕೇ ಮೆಣಸಿನಕಾಯಿಯನ್ನು ಬೊಗಸೆಯಲ್ಲಿ ಹಿಡಿದು ಬಂದವರನ್ನೂ ನಾನು ನೋಡಿದ್ದೇನೆ.