ನೋವಿಲ್ಲದ ಗಂಟು ಅಂತ ಕಾಯಬೇಡಿ
ನಿಮ್ಮ 9 ವರ್ಷದ ಲ್ಯಾಬ್ರಡಾರ್‌ಗೆ ಮೊಲೆಯ ಹತ್ತಿರ ಕಡಲೆಕಾಳಿನಷ್ಟು ಗಂಟು ಸಿಕ್ಕಿದೆ, ಮರಿ ಆಗದಂತೆ ಸಂತಾನಹರಣ ಆಪರೇಷನ್ ಮಾಡಿಸಿಲ್ಲ, ನೋವಿಲ್ಲ, ಊಟವೂ ಚೆನ್ನಾಗಿದೆ, ಸ್ವಲ್ಪ ದಿನ ನೋಡೋಣವಾ ಎಂದು ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ. ನಾವು ಎರಡು ತಿಂಗಳು ಸುಮ್ನೆ ಕಾದೆವು, ಆ ಸಂಕಟ ಇನ್ನೂ ಹೋಗಿಲ್ಲ.

ಸಂತಾನಹರಣ ಆಗದ ಹೆಣ್ಣುನಾಯಿಗಳಲ್ಲಿ ಮೊಲೆಯ ಗಡ್ಡೆ ತುಂಬಾ ಸಾಮಾನ್ಯ. ಅವುಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ. ಮುಟ್ಟಿ ನೋಡಿ ಹೇಳಲು ಆಗುವುದಿಲ್ಲ. 3 ಸೆಂಟಿಮೀಟರ್‌ಗಿಂತ ಚಿಕ್ಕದಿದ್ದಾಗಲೇ ತೆಗೆಸಿದರೆ ಗುಣವಾಗುವ ಸಾಧ್ಯತೆ ಜಾಸ್ತಿ.

ಇವತ್ತೇ ಅವಳನ್ನು ಅಂಗಾತ ಮಲಗಿಸಿ, ಮೊಲೆಗಳ ಎರಡೂ ಸಾಲನ್ನು ಬೆರಳಿನಿಂದ ಮೆಲ್ಲಗೆ ತಡವಿ ನೋಡಿ. ಹಿಂಗಾಲಿನ ಕಡೆಯ ಮೊಲೆಗಳಲ್ಲೇ ಗಡ್ಡೆ ಜಾಸ್ತಿ ಬರುವುದು. ಗಡ್ಡೆ ತೆಗೆಯುವ ಆಪರೇಷನ್‌ಗೆ ಮೊದಲು ಎದೆಯ ಎಕ್ಸ್‌ರೇ ಮಾಡಿಸಿ. ತೆಗೆದ ಗಡ್ಡೆಯನ್ನು ಬಯಾಪ್ಸಿಗೆ (ಕ್ಯಾನ್ಸರ್ ಹೌದೋ ಅಲ್ಲವೋ ಎಂದು ನೋಡುವ ಲ್ಯಾಬ್ ಪರೀಕ್ಷೆಗೆ) ಕಳಿಸಲು ಡಾಕ್ಟರ್‌ಗೆ ನೀವೇ ಹೇಳಿ.