ಜಿಂಕ್ ತುಂಡು ಸವೆಯದಿದ್ದರೆ ಖುಷಿಪಡಬೇಡಿ

ಪ್ರಶ್ನೆ: ನಮ್ಮದು ಗಂಗೊಳ್ಳಿಯಲ್ಲಿ ಕಬ್ಬಿಣದ ಟ್ರಾಲ್ ಬೋಟು. ಮಳೆಗಾಲದ ರಜೆಯಲ್ಲಿ ಹೊಳೆಯಲ್ಲೇ ಕಟ್ಟಿರುತ್ತೇವೆ. ಈ ಸಲ ಮೇಲೆ ಎಳೆದು ನೋಡಿದರೆ ತಳಕ್ಕೆ ಹಾಕಿದ ಜಿಂಕ್ ತುಂಡುಗಳು ಸವೆದೇ ಇಲ್ಲ, ಬಿಳಿ ಪದರ ಕಟ್ಟಿದೆ. ಆದರೆ ಚುಕ್ಕಾಣಿಯ ವೆಲ್ಡಿಂಗ್ ಹತ್ತಿರ ಗುಳಿ ಬಿದ್ದಿದೆ. ಒಬ್ಬರು ಅಲ್ಯುಮಿನಿಯಂ ಹಾಕಿ ಅಂತಾರೆ, ಇನ್ನೊಬ್ಬರು ಮೆಗ್ನೀಸಿಯಂಗೆ ಶಕ್ತಿ ಜಾಸ್ತಿ ಅಂತಾರೆ. ಯಾವುದು ಸರಿ?

ಉತ್ತರ: ನಿಮ್ಮ ಬೋಟಿಗೆ ಅಲ್ಯುಮಿನಿಯಂ ಹಾಕಿಸಿ. ಅದೂ ಆನೋಡ್‌ಗೆಂದೇ, ಅಂದರೆ ಬೋಟಿನ ಕಬ್ಬಿಣದ ಬದಲು ತಾನು ಕರಗುವ ತುಂಡಿಗೆಂದೇ, ಮಾಡಿದ ಮಿಶ್ರಲೋಹ ಆಗಿರಬೇಕು.

ಆ ಜಿಂಕ್ ಇರುವುದೇ ಕರಗಲಿಕ್ಕೆ. ಅದು ಸವೆದಿಲ್ಲ ಅಂದರೆ ಕೆಲಸ ಮಾಡಿಲ್ಲ ಅಂತಲೇ ಅರ್ಥ. ಸಮುದ್ರದ ನೀರಿನಲ್ಲಿ ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್ (ಹೋಲಿಸಿ ಅಳೆಯುವ ಕಡ್ಡಿ) ಇಳಿಸಿ ಅಳೆದರೆ ಕಬ್ಬಿಣ ಸುಮಾರು −0.6 ವೋಲ್ಟ್ ತೋರಿಸುತ್ತದೆ, ಕಂಚಿನ ಪ್ರೊಪೆಲ್ಲರ್ −0.3ರ ಆಸುಪಾಸು. ಎರಡೂ ತಾಗಿಕೊಂಡಿದ್ದರೆ ಕೆಳಗಿನ ಅಂಕಿಯದು ಕರಗುತ್ತದೆ, ಅಂದರೆ ಕಬ್ಬಿಣ. ಚುಕ್ಕಾಣಿ ಪ್ರೊಪೆಲ್ಲರ್‌ನ ಬೆನ್ನಿಗೇ ಇರುವುದರಿಂದ ಮೊದಲ ಪೆಟ್ಟು ಅದಕ್ಕೆ. −1.03 ವೋಲ್ಟಿನ ಜಿಂಕ್ ಸೇರಿಸಿದರೆ ಕರಗುವ ಪಾಳಿ ಜಿಂಕಿನದ್ದಾಗುತ್ತದೆ. ತಳ ಪೂರ್ತಿ −0.80ಕ್ಕಿಂತ ಕೆಳಗೆ ನಿಂತರೆ ಕಬ್ಬಿಣ ಬಚಾವ್.

ಕಡಲಲ್ಲೇ ಇರುವ ಬೋಟಿಗೆ ಜಿಂಕ್ ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ನಿಮ್ಮ ಹೊಳೆಯಲ್ಲಿದೆ. ಜೂನ್, ಜುಲೈನಲ್ಲಿ ಪಂಚಗಂಗಾವಳಿ ತುಂಬಿ ಹರಿಯುವಾಗ ಬೋಟಿನ ಸುತ್ತ ಉಪ್ಪು ತೀರಾ ಕಡಿಮೆಯಾಗುತ್ತದೆ. ಆಗ ಜಿಂಕ್ ಮೇಲೆ ಗಟ್ಟಿ ಬಿಳಿ ಪೊರೆ ಕಟ್ಟುತ್ತದೆ. ಆಗಸ್ಟ್‌ನಲ್ಲಿ ಕಡಲಿಗೆ ಹೋದ ಮೇಲೂ ಆ ಪೊರೆ ತಾನಾಗಿ ಬಿಡುವುದಿಲ್ಲ. ಎರಡು ತಿಂಗಳ ಹೊಳೆವಾಸಕ್ಕೆ ಇಡೀ ಸೀಸನ್‌ನ ರಕ್ಷಣೆ ಹೋಯಿತು, ಅಲ್ವಾ? ಅಲ್ಯುಮಿನಿಯಂ ಆನೋಡ್ ಸವಳು ನೀರಲ್ಲೂ ಕೆಲಸ ಮಾಡುತ್ತದೆ. ಪೂರ್ತಿ ಸಿಹಿನೀರಲ್ಲಿ ಅದೂ ನಿಧಾನ, ಆದರೆ ಉಪ್ಪು ತಾಗಿದ ಕೂಡಲೇ ಮತ್ತೆ ಚುರುಕಾಗುತ್ತದೆ. ಒಂದು ಕಿಲೋ ಜಿಂಕ್ ಕರಗುತ್ತಾ ಸುಮಾರು 780 ಆಂಪಿಯರ್-ಗಂಟೆ ರಕ್ಷಣೆಯ ವಿದ್ಯುತ್ ಕೊಟ್ಟರೆ, ಒಂದು ಕಿಲೋ ಅಲ್ಯುಮಿನಿಯಂ ಸುಮಾರು 2,500 ಕೊಡುತ್ತದೆ. ಜಿಂಕ್ ಆನೋಡ್‌ನಲ್ಲಿ ಸಾಮಾನ್ಯವಾಗಿ ಸ್ವಲ್ಪ ಕ್ಯಾಡ್ಮಿಯಂ ಎಂಬ ವಿಷದ ಲೋಹ ಇರುತ್ತದೆ, ಕರಗಿದಾಗ ಅದೂ ನೀರಿಗೇ ಸೇರುತ್ತದೆ. ನಾವು ಮೀನು ಹಿಡಿಯುವುದು ಅದೇ ನೀರಲ್ಲಿ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಒಂದು ಮಾತು ಒತ್ತಿ ಹೇಳುತ್ತೇನೆ. ಗುಜರಿ ಅಲ್ಯುಮಿನಿಯಂ ಕರಗಿಸಿ ಎರಕ ಹೊಯ್ಯಿಸಬೇಡಿ. ಮಾಮೂಲಿ ಅಲ್ಯುಮಿನಿಯಂ ತನ್ನ ಮೇಲೆ ತಾನೇ ಪೊರೆ ಹೊದ್ದು ಸುಮ್ನೆ ಕೂರುತ್ತದೆ. ಆ ಪೊರೆ ಒಡೆಯಲಿಕ್ಕೆ ಶೇ. 5ರಷ್ಟು ಜಿಂಕ್, ಜೊತೆಗೆ ಶೇ. 0.02ರಷ್ಟು ಇಂಡಿಯಂ ಎಂಬ ಲೋಹ ಬೇಕು. ಜಿಂಕಿಗೂ ಇದೇ ಪಾಡು: ಕಬ್ಬಿಣದ ಅಂಶ ಶೇ. 0.005 ದಾಟಿದರೆ ಕೆಟ್ಟಿತು. ಕಬ್ಬಿಣದ ಬಾಣಲೆಯಲ್ಲಿ ಕರಗಿಸಿದರೆ ಬಾಣಲೆಯ ಕಬ್ಬಿಣವೇ ಅದಕ್ಕೆ ಸೇರುತ್ತದೆ. ಕೊಳ್ಳುವಾಗ ಮಿಶ್ರಣದ ಪರೀಕ್ಷಾ ಪತ್ರ ಕೇಳಿ. ಕೊಡದಿದ್ದರೆ ಬೇರೆ ಅಂಗಡಿ ನೋಡಿ.

ಮೆಗ್ನೀಸಿಯಂ ಬೇಡ. −1.5 ವೋಲ್ಟಿನ ಆ ಲೋಹ ಕಡಲಲ್ಲಿ ಬೇಗ ಕರಗಿಹೋಗುತ್ತದೆ, ಬಣ್ಣವನ್ನೂ ಗುಳ್ಳೆ ಏಳಿಸುತ್ತದೆ. ಶರಾವತಿ ಹಿನ್ನೀರಿನಂಥ ಸಿಹಿನೀರಲ್ಲೇ ಓಡುವ ಕಬ್ಬಿಣದ ದೋಣಿಗೆ ಅದು ಸರಿ. ಮರದ ದೋಣಿಯವರಂತೂ ಯಾವ ಆನೋಡನ್ನೂ ಅತಿಯಾಗಿ ಹಾಕಬಾರದು. ರಕ್ಷಣೆ ಹೆಚ್ಚಾದರೆ ಬೋಲ್ಟ್‌ಗಳ ಸುತ್ತ ಕ್ಷಾರ ಹುಟ್ಟಿ ಹಲಗೆ ಮೆತ್ತಗಾಗುತ್ತದೆ. 1824ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ಹಡಗುಗಳ ತಾಮ್ರದ ತಗಡನ್ನು ಇದೇ ಉಪಾಯದಿಂದ ಉಳಿಸಿದರು. ಆದರೆ ತಾಮ್ರ ಕರಗುವುದು ನಿಂತ ಮೇಲೆ ಅದರ ತುಂಬ ಪಾಚಿ, ಚಿಪ್ಪು ಬೆಳೆದು ಹಡಗಿನ ಓಟವೇ ಕುಗ್ಗಿತು.

ನಿಮ್ಮ ಬೋಟಿನ ಹಳೆ ಜಿಂಕ್ ಪೂರ್ತಿ ತೆಗೆಸಿ. ಎರಡೂ ಲೋಹ ಇದ್ದರೆ ಅಲ್ಯುಮಿನಿಯಂ ಜಿಂಕನ್ನೇ ಕಾಯುತ್ತಾ ಸವೆಯುತ್ತದೆ. ಹೊಸ ತುಂಡಿನ ಕಬ್ಬಿಣದ ಪಟ್ಟಿಯನ್ನು ತಳಕ್ಕೆ ನೇರ ವೆಲ್ಡ್ ಮಾಡಿಸಿ, ಚುಕ್ಕಾಣಿಗೂ ಬೇರೆಯಾಗಿ ಹಾಕಿಸಿ. ಬಣ್ಣ ಹೊಡೆಯುವ ಹುಡುಗರಿಗೆ ಮುಂಚೆಯೇ ಹೇಳಿಡಿ: ಆನೋಡ್ ಮೇಲೆ ಒಂದು ಕೈ ಬಣ್ಣ ಬಿದ್ದರೂ ಅದು ಸತ್ತ ಹಾಗೆ. ಮುಂದಿನ ಸಲ ಎಳೆದಾಗ ಅರ್ಧ ಕರಗಿದ್ದರೆ ಬದಲಾಯಿಸಿ, ಮತ್ತೆ ಹೊಳೆಯಲ್ಲಿ ಕಟ್ಟುವ ಮುಂಚೆಯೇ.