ಜಾವಾ ಪ್ರಶ್ನೋತ್ತರ: ಒಬ್ಬರ ಕಿಲೋ ಇನ್ನೊಬ್ಬರ ಹೆಸರಿಗೆ

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ಕೊಯ್ದ ಹಣ್ಣಿನ ತೂಕವನ್ನು ರೈಟರುಗಳು ಮೊಬೈಲಿನಿಂದಲೇ ದಾಖಲಿಸಲೆಂದು ಸರ್ವ್‌ಲೆಟ್ (ವೆಬ್ ರಿಕ್ವೆಸ್ಟ್‌ಗಳಿಗೆ ಉತ್ತರಿಸುವ ಜಾವಾ ಕ್ಲಾಸ್) ಒಂದನ್ನು ಬರೆದಿದ್ದೇನೆ. ಮಳೆಗಾಲದಲ್ಲಿ ಒಬ್ಬನೇ ಕುಳಿತು ಪರೀಕ್ಷಿಸಿದಾಗ ಎಲ್ಲವೂ ಸರಿಯಿತ್ತು. ಕೊಯ್ಲು ಆರಂಭವಾದ ಮೇಲೆ, ಸಂಜೆ ಎರಡು ಕಣಗಳಲ್ಲಿ ಒಟ್ಟಿಗೇ ತೂಕ ಹಾಕುವಾಗ, ಒಬ್ಬರ ಕಿಲೋ ಇನ್ನೊಬ್ಬರ ಖಾತೆಗೆ ಸೇರುತ್ತಿದೆ. ಕೆಲಸಗಾರರ ಸಂಖ್ಯೆಯನ್ನು ಕ್ಲಾಸಿನ ಫೀಲ್ಡ್‌ನಲ್ಲಿ ಇಟ್ಟಿದ್ದೇನೆ. ಫಾರಂ ಪಡೆಯುವ ಡುಪೋಸ್ಟ್ ಮೆಥಡ್‌ಗೆ ಸಿಂಕ್ರೊನೈಸ್ಡ್ (ಒಮ್ಮೆಗೆ ಒಂದೇ ರಿಕ್ವೆಸ್ಟ್ ಒಳಹೋಗುವಂತೆ ಮಾಡುವ ಬೀಗ) ಸೇರಿಸಿದರೆ ಸಾಕೇ?
– ಓದುಗರೊಬ್ಬರು, ಸಿದ್ದಾಪುರ

ಉತ್ತರ: ದೋಷ ಎಲ್ಲಿದೆ ಎಂಬುದನ್ನು ನಿಮ್ಮ ಪತ್ರವೇ ಹೇಳಿದೆ, ಅದು ಆ ಫೀಲ್ಡ್. ಸರ್ವ್‌ಲೆಟ್‌ಗಳನ್ನು ಓಡಿಸುವ ಸರ್ವರ್ ಆದ ಟಾಮ್‌ಕ್ಯಾಟ್ ನಿಮ್ಮ ಸರ್ವ್‌ಲೆಟ್‌ನ ಒಂದೇ ಒಂದು ಆಬ್ಜೆಕ್ಟನ್ನು ಸೃಷ್ಟಿಸಿ, ಬರುವ ಪ್ರತಿಯೊಂದು ರಿಕ್ವೆಸ್ಟನ್ನೂ ಬೇರೆ ಬೇರೆ ಥ್ರೆಡ್‌ಗಳ (ಒಟ್ಟೊಟ್ಟಿಗೇ ಓಡುವ ಕೆಲಸದ ಎಳೆಗಳ) ಮೂಲಕ ಅದೇ ಆಬ್ಜೆಕ್ಟಿಗೆ ಒಪ್ಪಿಸುತ್ತದೆ. ಹೀಗೆ ಏಕಕಾಲಕ್ಕೆ ದುಡಿಯಬಲ್ಲ ಥ್ರೆಡ್‌ಗಳ ಮಿತಿ, ನೀವು ಬದಲಿಸದಿದ್ದರೆ, 200. ಮೊದಲ ಕಣದ ರಿಕ್ವೆಸ್ಟ್ ಫೀಲ್ಡ್‌ನಲ್ಲಿ ಸಂಖ್ಯೆಯನ್ನು ಬರೆದು ಡೇಟಾಬೇಸ್ ತಲುಪುವಷ್ಟರಲ್ಲಿ ಎರಡನೆಯ ಕಣದ ರಿಕ್ವೆಸ್ಟ್ ಅದರ ಮೇಲೆಯೇ ತನ್ನ ಸಂಖ್ಯೆಯನ್ನು ಬರೆದುಬಿಡುತ್ತದೆ. ಒಬ್ಬರೇ ಪರೀಕ್ಷಿಸುವಾಗ ಈ ಪೈಪೋಟಿಯೇ ಇರುವುದಿಲ್ಲವಾದ್ದರಿಂದ ತಪ್ಪು ಕಾಣಿಸಲಿಲ್ಲ.

ಸಿಂಕ್ರೊನೈಸ್ಡ್ ಸೇರಿಸಿದರೆ ಲೆಕ್ಕ ಸರಿಯಾಗುತ್ತದೆ, ಆದರೆ ನಾನು ಅದನ್ನು ಒಪ್ಪಲಾರೆ. ಪೋಸ್ಟ್ ಮಾಡಿದ ಫಾರಂನ ಮಾಹಿತಿಯನ್ನು ಸರ್ವರ್ ಓದುವುದು ನೀವು ಗೆಟ್‌ಪ್ಯಾರಾಮೀಟರ್ ಕರೆದಾಗ, ಅಂದರೆ ಬೀಗ ಹಾಕಿಕೊಂಡ ನಂತರ. ತೋಟದ ಇಳಿಜಾರಿನಲ್ಲಿ ನೆಟ್‌ವರ್ಕ್ ಕುಂಟುವುದು ನಿಮಗೆ ಗೊತ್ತಿರುವುದೇ; ಅಂತಹ ಒಂದು ಮೊಬೈಲು ಉಳಿದ ಎಲ್ಲ ರೈಟರುಗಳನ್ನೂ ಕಾಯಿಸುತ್ತದೆ. ಸಂಖ್ಯೆಯನ್ನೂ ತೂಕವನ್ನೂ ಮೆಥಡ್‌ನ ಒಳಗಿನ ಲೋಕಲ್ ವೇರಿಯಬಲ್‌ಗಳಾಗಿ ಮಾಡಿ. ಅವು ಆಯಾ ಥ್ರೆಡ್‌ನ ಸ್ವಂತದ್ದಾಗಿರುತ್ತವೆ, ಬೀಗದ ಅಗತ್ಯವೇ ಇಲ್ಲ. ಫೀಲ್ಡ್‌ನಲ್ಲಿ ದಿನಾಂಕ ಬರೆಯುವ ಸಿಂಪಲ್‌ಡೇಟ್‌ಫಾರ್ಮ್ಯಾಟ್ ಅಥವಾ ಡೇಟಾಬೇಸ್ ಕನೆಕ್ಷನ್ ಇಟ್ಟಿದ್ದರೆ, ಹಲವು ಥ್ರೆಡ್‌ಗಳು ಹಂಚಿಕೊಂಡಾಗ ಅವೂ ಕೆಡುವುದರಿಂದ, ಅವನ್ನೂ ಹೊರತೆಗೆಯಿರಿ. ದಿನಾಂಕಕ್ಕೆ ಜಾವಾ 8ರಿಂದ ಇರುವ ಡೇಟ್‌ಟೈಮ್‌ಫಾರ್ಮ್ಯಾಟರ್ ಸುರಕ್ಷಿತ. ಮುಂದೆ ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕಿಗೆ ಹೋದರೂ ಅಲ್ಲಿ ರಿಕ್ವೆಸ್ಟ್ ಪಡೆಯುವ ಕಂಟ್ರೋಲರ್ ಸಾಮಾನ್ಯವಾಗಿ ಒಂದೇ ಆಬ್ಜೆಕ್ಟ್ ಆಗಿರುತ್ತದೆ ಎಂಬುದು ನೆನಪಿರಲಿ.

ತಿದ್ದುವ ಮೊದಲು, ಫೀಲ್ಡ್‌ಗೆ ಬರೆಯುವ ಸಾಲಿಗೂ ಡೇಟಾಬೇಸ್ ಸಾಲಿಗೂ ನಡುವೆ ಐದು ಸೆಕೆಂಡಿನ ಥ್ರೆಡ್ ಸ್ಲೀಪ್ ಇಟ್ಟು, ಎರಡು ಮೊಬೈಲುಗಳಿಂದ ಬೇರೆ ಬೇರೆ ಸಂಖ್ಯೆಗಳನ್ನು ಕಳುಹಿಸಿ ನೋಡಿ. ತಪ್ಪು ಪ್ರತಿ ಸಲವೂ ಕಣ್ಣೆದುರೇ ಆಗುತ್ತದೆ, ತಿದ್ದಿದ ಮೇಲೆ ಅದೇ ಪರೀಕ್ಷೆ ನಿಮಗೆ ಧೈರ್ಯ ಕೊಡುತ್ತದೆ. ಈಗಾಗಲೇ ಅದಲುಬದಲಾದ ತೂಕವನ್ನು ಮಾತ್ರ ಯಾವ ಕೋಡೂ ಸರಿಪಡಿಸಲಾರದು. ಕೂಲಿ ಬಟವಾಡೆಗೆ ಮುಂಚೆ ರೈಟರುಗಳ ಕೈಬರಹದ ಪುಸ್ತಕದೊಂದಿಗೆ ತಾಳೆ ನೋಡಲೇಬೇಕು.

ಪ್ರಶ್ನೆ: ಹೋಂಸ್ಟೇ ಬುಕಿಂಗ್ ತಾಣದಲ್ಲಿ ಕನ್ನಡದ ಹೆಸರುಗಳೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತಿವೆ. ಜೆಎಸ್‌ಪಿ ಪುಟದ ದೋಷವೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಪುಟವನ್ನು ದೂರುವ ಮೊದಲು ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಹೆಸರಿನ ಕಾಲಂ ಮೇಲೆ, ಬೈಟುಗಳನ್ನು ತೋರಿಸುವ ಹೆಕ್ಸ್ ಫಂಕ್ಷನ್ ಓಡಿಸಿ. ‘ಕ’ ಅಕ್ಷರ ಸರಿಯಾಗಿ ಉಳಿದಿದ್ದರೆ ಇ0 ಬಿ2 95 ಎಂಬ ಮೂರು ಬೈಟುಗಳು ಕಾಣುತ್ತವೆ, ಆಗ ಪುಟದ ಎನ್‌ಕೋಡಿಂಗ್ ನೋಡಬಹುದು. ಸಾಲಾಗಿ 3ಎಫ್ (ಪ್ರಶ್ನಾರ್ಥಕ ಚಿಹ್ನೆಯ ಬೈಟು) ಬಂದರೆ ಹೆಸರು ಒಳಗೆ ಹೋಗುವಾಗಲೇ ನಾಶವಾಗಿದೆ. ಟೇಬಲ್ ಅಥವಾ ಕನೆಕ್ಷನ್ ಇನ್ನೂ ಕನ್ನಡ ಅಕ್ಷರಗಳಿಲ್ಲದ ಲ್ಯಾಟಿನ್1 ಎನ್‌ಕೋಡಿಂಗ್‌ನಲ್ಲಿರುವ ಸಾಧ್ಯತೆ ಹೆಚ್ಚು. ಎರಡನ್ನೂ ಕನ್ನಡವನ್ನೂ ಹಿಡಿಯಬಲ್ಲ ಯುಟಿಎಫ್8ಎಂಬಿ4ಗೆ ಬದಲಿಸಿ. ಹಳೆಯ ಅತಿಥಿಗಳ ಹೆಸರನ್ನು ಮತ್ತೆ ಕೇಳಿಯೇ ತುಂಬಿಸಬೇಕಾಗುತ್ತದೆ.